ಕಾಲ್ಚೆಂಡಿನ ಕ್ಲಬ್ಬೂ ಕಾಲೇಜಿನ ಬಾಗಿಲೂ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ಒಂದು ಕವಲು ಈಗ ಅಮೆರಿಕದಲ್ಲಿದೆ. ವಾರದ ಕೊನೆಯಲ್ಲಿ ಅವರೊಡನೆ ಮಾತನಾಡಲು ಕಾದು ಕುಳಿತ ಅಜ್ಜ ಅಜ್ಜಿಯರಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಉತ್ತರ ಪರಿಚಿತವಾಗಿದೆ: "ಈ ಶನಿವಾರ, ಭಾನುವಾರ ಸಿಗುವುದಿಲ್ಲ. ಮಗಳಿಗೆ ಸಾಕರ್ ಟೂರ್ನಮೆಂಟ್ ಇದೆ, ಬೇರೆ ರಾಜ್ಯಕ್ಕೆ ಹೋಗುತ್ತಿದ್ದೇವೆ." ಹದಿಮೂರು ವರ್ಷದ ಹುಡುಗಿಯ ಆಟಕ್ಕೆ ವಿಮಾನದ ಟಿಕೆಟು, ಹೋಟೆಲಿನ ಕೋಣೆ, ಬಾಡಿಗೆಯ ಕಾರು ಇವೆಲ್ಲ ಏಕೆ ಎಂದು ಕೇಳಿದರೆ, "ಮುಂದೆ ಕಾಲೇಜಿಗೆ ಅನುಕೂಲವಾಗುತ್ತದೆ" ಎಂಬ ಸಮಾಧಾನ ಬರುತ್ತದೆ. ಆ ಸಮಾಧಾನ ಎಷ್ಟು ಗಟ್ಟಿ ಎಂಬುದನ್ನು ತಟ್ಟಿ ನೋಡುವುದು ಈ ಲೇಖನದ ಉದ್ದೇಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಸ್ಪರ್ಧಾತ್ಮಕ ಯುವ ಸಾಕರ್ ಕ್ಲಬ್ಬುಗಳು ಆಟವನ್ನು ಕಲಿಸುತ್ತವೆ, ಅನೇಕ ಕಡೆ ಚೆನ್ನಾಗಿಯೇ ಕಲಿಸುತ್ತವೆ. ಆದರೆ ಅವು ಪೋಷಕರಿಗೆ ಮಾರುವುದು ಆಟವನ್ನಲ್ಲ, ಕಾಲೇಜಿನ ಪ್ರವೇಶದ ಆಸೆಯನ್ನು. ಆಟಗಾರರನ್ನು ಬೆಳೆಸುವುದೂ ಕಾಲೇಜಿನವರ ಕಣ್ಣಿಗೆ ಬೀಳುವಂತೆ ಮಾಡುವುದೂ ಒಂದೇ ಕೆಲಸವಲ್ಲ. ಇವೆರಡರ ನಡುವಿನ ಅಂತರದ ಬೆಲೆಯನ್ನು ತೆರುವುದು ಮಾತ್ರ ಮಕ್ಕಳು.

ಮೊದಲು ಈ ವ್ಯವಸ್ಥೆ ನಡೆಯುವ ಬಗೆಯನ್ನು ನೋಡೋಣ. ಮಗು ಏಳೆಂಟು ವರ್ಷದ್ದಾಗಿದ್ದಾಗ ಊರಿನ ಮನರಂಜನಾ ಲೀಗಿನಲ್ಲಿ ಆಡಲಾರಂಭಿಸುತ್ತದೆ. ಅಲ್ಲಿ ತರಬೇತುದಾರರು ಸಾಮಾನ್ಯವಾಗಿ ಯಾವುದೋ ಮಗುವಿನ ತಂದೆ ಅಥವಾ ತಾಯಿ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ನಿನ ಮೊದಲ ತತ್ತ್ವವೇ 'ಎಲ್ಲರೂ ಆಡುತ್ತಾರೆ' ಎಂಬುದು. ತಂಡಕ್ಕೆ ಬಂದ ಪ್ರತಿ ಮಗುವೂ ಪಂದ್ಯದ ಅರ್ಧದಷ್ಟಾದರೂ ಹೊತ್ತು ಅಂಗಳದಲ್ಲಿರಬೇಕು. ಮಗುವಿನ ಕಾಲಿನಲ್ಲಿ ಸ್ವಲ್ಪ ಚುರುಕು ಕಂಡೊಡನೆ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯಲ್ಲಿ ಗೆದ್ದು ಸ್ಪರ್ಧಾತ್ಮಕ ಕ್ಲಬ್ಬನ್ನು ಸೇರುವುದು, ಸಂಬಳದ ತರಬೇತುದಾರನ ಕೈಕೆಳಗೆ ವಾರಕ್ಕೆ ಮೂರು ನಾಲ್ಕು ದಿನ ಅಭ್ಯಾಸ ಮಾಡುವುದು, ಒಂದೇ ವಯಸ್ಸಿನ ಮೊದಲ ತಂಡ, ಎರಡನೆಯ ತಂಡ, ಮೂರನೆಯ ತಂಡಗಳ ಏಣಿಯನ್ನು ಏರುವುದು ಅಥವಾ ಇಳಿಯುವುದು. ಶುಲ್ಕವೇ ವರ್ಷಕ್ಕೆ ಕೆಲವು ಸಾವಿರ ಡಾಲರು; ಪ್ರಯಾಣ ಸೇರಿದರೆ ಅದು ಇನ್ನೂ ಬೆಳೆಯುತ್ತದೆ.

ಈ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ರಾಷ್ಟ್ರಮಟ್ಟದ ಲೀಗುಗಳಿವೆ. ಹುಡುಗಿಯರಿಗಾಗಿ 2009ರಲ್ಲಿ ಆರಂಭವಾಗಿ ನಂತರ ಹುಡುಗರಿಗೂ ವಿಸ್ತರಿಸಿದ ಇಸಿಎನ್‌ಎಲ್ ಒಂದು. ಅಮೆರಿಕದ ಸಾಕರ್ ಒಕ್ಕೂಟವೇ 2007ರಲ್ಲಿ ಆರಂಭಿಸಿದ ಡೆವಲಪ್‌ಮೆಂಟ್ ಅಕಾಡೆಮಿ ಇನ್ನೊಂದು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅದು ಮುಚ್ಚಿದಾಗ ಆ ಜಾಗಕ್ಕೆ ಹುಡುಗರಿಗಾಗಿ ಎಂಎಲ್‌ಎಸ್ ನೆಕ್ಸ್ಟ್, ಹುಡುಗಿಯರಿಗಾಗಿ ಗರ್ಲ್ಸ್ ಅಕಾಡೆಮಿ ಬಂದವು. ಈ ಲೀಗುಗಳ 'ಶೋಕೇಸ್' ಪಂದ್ಯಾವಳಿಗಳೇ ವ್ಯವಸ್ಥೆಯ ಹೃದಯ. ಹತ್ತಾರು ಅಂಗಳಗಳು ಒಟ್ಟಿಗಿರುವ ಬಯಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಂದ್ಯಗಳು. ಅಂಚಿನಲ್ಲಿ ಮಡಚುವ ಕುರ್ಚಿಗಳ ಮೇಲೆ ಕಾಲೇಜುಗಳ ತರಬೇತುದಾರರು. ಅವರ ಕೈಯಲ್ಲಿ ಪ್ರತಿ ಆಟಗಾರ್ತಿಯ ಅಂಗಿಯ ಸಂಖ್ಯೆ, ಶಾಲೆ ಮುಗಿಸುವ ವರ್ಷ, ಪರೀಕ್ಷೆಯ ಅಂಕಗಳನ್ನು ಮುದ್ರಿಸಿದ ಪಟ್ಟಿ. ಪಂದ್ಯದ ಮೊದಲೇ ಮಕ್ಕಳು ಆ ತರಬೇತುದಾರರಿಗೆ ತಮ್ಮ ಆಟದ ವೀಡಿಯೊ ಸಹಿತ ಪತ್ರ ಬರೆದಿರುತ್ತಾರೆ. ಜಾನುವಾರು ಜಾತ್ರೆಯ ನೆನಪಾಗುವುದು ಸಹಜವಾದರೂ ಅದು ಪೂರ್ತಿ ನ್ಯಾಯವಾದ ಹೋಲಿಕೆಯಲ್ಲ. ಜಾತ್ರೆಯಲ್ಲಿ ಹಣ ಕೊಡುವವನು ಕೊಳ್ಳುವವನು. ಇಲ್ಲಿ ಹಣ ಕೊಡುವವರು ತೋರಿಸಲು ಬಂದವರು.

ಹೀಗೇಕಾಯಿತು? ಜಗತ್ತಿನ ಹೆಚ್ಚಿನ ದೇಶಗಳಲ್ಲಿ ಕಾಲ್ಚೆಂಡಿನ ಕ್ಲಬ್ಬು ಬಾಲಕನೊಬ್ಬನನ್ನು ಬೆಳೆಸುವುದು ಮುಂದೆ ತನ್ನ ತಂಡದಲ್ಲಿ ಆಡಿಸಲು ಅಥವಾ ಬೇರೆ ಕ್ಲಬ್ಬಿಗೆ ವರ್ಗಾಯಿಸಿ ಹಣ ಪಡೆಯಲು. ಫಿಫಾದ ನಿಯಮದಂತೆ ಆಟಗಾರನ ವರ್ಗಾವಣೆಯ ಮೊತ್ತದಲ್ಲಿ 5 ಪ್ರತಿಶತದವರೆಗೆ, ಆತ 12ರಿಂದ 23ರ ವಯಸ್ಸಿನವರೆಗೆ ಆಡಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಹೀಗಾಗಿ ಬಡವರ ಕೇರಿಯ ಪ್ರತಿಭಾವಂತ ಹುಡುಗನನ್ನು ಉಚಿತವಾಗಿ ತರಬೇತುಗೊಳಿಸುವುದರಲ್ಲಿ ಕ್ಲಬ್ಬಿಗೇ ಲಾಭವಿದೆ. ಅಮೆರಿಕದಲ್ಲಿ ಕಾನೂನಿನ ತೊಡಕುಗಳ ಕಾರಣ ಈ ಪದ್ಧತಿ ಬಹುಕಾಲ ಜಾರಿಗೆ ಬರಲಿಲ್ಲ. ಅಲ್ಲಿನ ವೃತ್ತಿಪರ ಲೀಗು ಇಂಥ ಹಣವನ್ನು ಕೇಳಲಾರಂಭಿಸಿದ್ದು 2019ರಲ್ಲಿ. ಇಂದು ವೃತ್ತಿಪರ ತಂಡಗಳ ಅಕಾಡೆಮಿಗಳು ಹುಡುಗರನ್ನು ಉಚಿತವಾಗಿ ಸೇರಿಸಿಕೊಳ್ಳುತ್ತಿರುವುದು ನಿಜ. ಆದರೆ ಅಲ್ಲಿ ಜಾಗ ಸಿಗುವುದು ಬೆರಳೆಣಿಕೆಯವರಿಗೆ. ಉಳಿದ ಸಾವಿರಾರು ಕ್ಲಬ್ಬುಗಳಿಗೆ ಆದಾಯದ ಮುಖ್ಯ ಮೂಲ ಪೋಷಕರ ಚೆಕ್ಕು. ಚೆಕ್ಕು ಬರೆಯುವವರಿಗೆ ಏನಾದರೂ ಸಿಗಬೇಕಲ್ಲ? ಅವರಿಗೆ ಕೊಡಬಹುದಾದ ಅತಿ ದೊಡ್ಡ ಆಸೆ ಕಾಲೇಜು.

ಇದರೊಡನೆ ಇನ್ನೊಂದು ಕಾರಣ ಸೇರಿತು, ಅದು ಗೌರವಾರ್ಹವಾದುದು. 1972ರ ಟೈಟಲ್ ನೈನ್ ಎಂಬ ಕಾನೂನು, ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. ಅಮೆರಿಕನ್ ಫುಟ್‌ಬಾಲ್ ಒಂದೇ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪುರುಷರಿಗೆ 85 ವಿದ್ಯಾರ್ಥಿವೇತನಗಳನ್ನು ಬಳಸಿಕೊಳ್ಳುತ್ತಿದ್ದಾಗ, ಸಮತೋಲನಕ್ಕಾಗಿ ಮಹಿಳಾ ತಂಡಗಳನ್ನು ಕಟ್ಟಬೇಕಾಯಿತು. ಅವುಗಳಲ್ಲಿ ಸಾಕರ್ ಅತಿ ವೇಗವಾಗಿ ಬೆಳೆದ ಆಟಗಳಲ್ಲೊಂದು. ಅಗ್ರಶ್ರೇಣಿಯಲ್ಲಿ ಇಂದು ಮುನ್ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಮಹಿಳಾ ಸಾಕರ್ ತಂಡಗಳಿವೆ. ಪುರುಷರ ತಂಡಗಳು ಇನ್ನೂರರ ಮೇಲೆ ಅಷ್ಟೆ. ಅಮೆರಿಕದ ಮಹಿಳೆಯರು 1991, 1999, 2015, 2019ರ ವಿಶ್ವಕಪ್ಪುಗಳನ್ನು ಗೆದ್ದುದರ ಹಿಂದೆ ಈ ಕಾಲೇಜು ತಂಡಗಳ ದುಡಿಮೆ ಇದೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆನ್ಸನ್ ಡೊರಾನ್ಸ್ ನಾಲ್ಕು ದಶಕಗಳಿಗೂ ಮೀರಿ ತರಬೇತಿ ಕೊಟ್ಟು ಮಿಯಾ ಹ್ಯಾಮ್ ಅಂಥವರನ್ನು ಬೆಳೆಸಿದರು. ಆದ್ದರಿಂದ ಕಾಲೇಜು ಸಾಕರನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಲಕ್ಷಾಂತರ ಹುಡುಗಿಯರನ್ನು ಅಂಗಳಕ್ಕೆ ಇಳಿಸಿದ ಒಂದು ಸಾಮಾಜಿಕ ಸಾಧನೆ ಅದು.

ಪ್ರಶ್ನೆ ಇರುವುದು ಲೆಕ್ಕದಲ್ಲಿ. ಪೋಷಕರ ಮನಸ್ಸಿನಲ್ಲಿರುವ 'ಸ್ಕಾಲರ್‌ಶಿಪ್' ಎಂಬುದು ನಾಲ್ಕು ವರ್ಷಗಳ ಪೂರ್ಣ ಶುಲ್ಕ. ವಾಸ್ತವ ಬೇರೆ. ಬಹಳ ವರ್ಷಗಳ ಕಾಲ ಅಗ್ರಶ್ರೇಣಿಯ ಪುರುಷರ ಸಾಕರ್ ತಂಡವೊಂದಕ್ಕೆ ಕೊಡಬಹುದಾಗಿದ್ದ ಗರಿಷ್ಠ ವಿದ್ಯಾರ್ಥಿವೇತನ 9.9, ಮಹಿಳಾ ತಂಡಕ್ಕೆ 14. ಇಪ್ಪತ್ತೈದು ಮೂವತ್ತು ಜನರ ತಂಡಕ್ಕೆ ಅದನ್ನು ತುಣುಕು ಮಾಡಿ ಹಂಚಲಾಗುತ್ತಿತ್ತು. ಒಬ್ಬಳಿಗೆ ಅರ್ಧ, ಇನ್ನೊಬ್ಬಳಿಗೆ ಪುಸ್ತಕದ ಖರ್ಚು, ಮತ್ತೊಬ್ಬಳಿಗೆ ಏನೂ ಇಲ್ಲ. ಮೂರನೆಯ ಶ್ರೇಣಿಯ ಕಾಲೇಜುಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ನಮ್ಮವರು ಹಂಬಲಿಸುವ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗಿನಲ್ಲಿಯೂ ಇಲ್ಲ. ಕಾಲೇಜು ಕ್ರೀಡೆಗಳ ಆಡಳಿತ ಮಂಡಳಿಯಾದ ಎನ್‌ಸಿಎಎ ಹೇಳುವಂತೆ ಪ್ರೌಢಶಾಲೆಯ ಕ್ರೀಡಾಪಟುಗಳಲ್ಲಿ ಕಾಲೇಜಿನ ಕ್ರೀಡಾ ವಿದ್ಯಾರ್ಥಿವೇತನ ಪಡೆಯುವವರು ಸುಮಾರು 2 ಪ್ರತಿಶತ. 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದ ನಂತರ, ಅದಕ್ಕೆ ಒಳಪಟ್ಟ ಕಾಲೇಜುಗಳಿಗೆ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರಕ್ಕೆ 28ರ ಮಿತಿ ಬಂದಿದೆ. ಅಂದರೆ ಕೊಡಲು ಅವಕಾಶವಿದೆ, ಕೊಡಲೇಬೇಕೆಂದಿಲ್ಲ. ಆದರೆ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ ಹುಡುಗಿಯ ಜಾಗಕ್ಕೆ ಮಾತ್ರ ಕತ್ತರಿ ಬಿದ್ದಿದೆ. ಇದರ ಮೇಲೆ, ಕಾಲೇಜಿನಿಂದ ಕಾಲೇಜಿಗೆ ಆಟಗಾರರು ಸುಲಭವಾಗಿ ಬದಲಾಗುವ ಅವಕಾಶ ಬಂದಂದಿನಿಂದ ತರಬೇತುದಾರರು ಹದಿನೇಳರ ಹೊಸಬಳಿಗಿಂತ ಇಪ್ಪತ್ತರ ಅನುಭವಿಯತ್ತ ಒಲಿಯುತ್ತಿದ್ದಾರೆ. ಪುರುಷರ ತಂಡಗಳಲ್ಲಿ ವಿದೇಶಗಳಿಂದ ಬಂದ ಆಟಗಾರರೂ ಗಣನೀಯ ಸಂಖ್ಯೆಯಲ್ಲಿದ್ದಾರೆ.

ಹತ್ತು ವರ್ಷ ಕ್ಲಬ್ಬಿಗೂ ಪ್ರಯಾಣಕ್ಕೂ ಸುರಿದ ಹಣವನ್ನು ಕಾಲೇಜಿನ ಹೆಸರಿನಲ್ಲಿಯೇ ಕೂಡಿಟ್ಟಿದ್ದರೆ, ಅನೇಕರಿಗೆ ಆ ತುಣುಕು ವಿದ್ಯಾರ್ಥಿವೇತನಕ್ಕಿಂತ ಅದೇ ಹೆಚ್ಚಾಗುತ್ತಿತ್ತು. ಈ ಮಾತಿಗೆ ತಿಳಿದ ಪೋಷಕರು ಕೊಡುವ ಉತ್ತರವೊಂದಿದೆ: "ನಮಗೆ ಹಣ ಬೇಡ, ಪ್ರವೇಶ ಸಾಕು." ಇದು ತಳ್ಳಿಹಾಕುವ ಮಾತಲ್ಲ. ಅತಿ ಕಡಿಮೆ ಜನರನ್ನು ಸೇರಿಸಿಕೊಳ್ಳುವ ಕಾಲೇಜುಗಳಲ್ಲಿ ತರಬೇತುದಾರನ ಬೆಂಬಲ ಇರುವ ಅರ್ಜಿಗೆ ತೂಕ ಹೆಚ್ಚು. ಆ ತೂಕ ಎಷ್ಟೆಂಬುದನ್ನು 2019ರ ಪ್ರವೇಶ ಹಗರಣ ಜಗತ್ತಿಗೆ ತೋರಿಸಿತು. ರಿಕ್ ಸಿಂಗರ್ ಎಂಬ ಮಧ್ಯವರ್ತಿ ಶ್ರೀಮಂತರ ಮಕ್ಕಳನ್ನು ಸುಳ್ಳು ಕ್ರೀಡಾಪಟುಗಳನ್ನಾಗಿ ಸೃಷ್ಟಿಸಿ ತರಬೇತುದಾರರಿಗೆ ಲಂಚ ಕೊಡುತ್ತಿದ್ದ. ಯೇಲ್‌ನ ಮಹಿಳಾ ಸಾಕರ್ ತಂಡದ ಅಂದಿನ ತರಬೇತುದಾರರೂ, ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಪುರುಷರ ತಂಡದ ಅಂದಿನ ತರಬೇತುದಾರರೂ ತಪ್ಪೊಪ್ಪಿಕೊಂಡರು. ಹಗರಣವನ್ನು ಕೆಲವರ ದುರಾಸೆ ಎಂದು ಮರೆಯುವುದು ಸುಲಭ. ಆದರೆ ಖೋಟಾ ನಾಣ್ಯ ಹುಟ್ಟುವುದು ಅಸಲಿ ನಾಣ್ಯಕ್ಕೆ ಬೆಲೆಯಿರುವಲ್ಲಿ ಮಾತ್ರ. ಆಟಕ್ಕೆ ಪ್ರವೇಶದ ನಾಣ್ಯವಾಗಿ ಅಷ್ಟು ಬೆಲೆ ಬಂದಿರುವುದೇ ಮೂಲ ವಿಷಯ.

ಆ ಬೆಲೆ ಕ್ಲಬ್ಬಿನ ಒಳಗಿನ ನಡೆಯನ್ನು ಹೇಗೆ ತಿರುಚುತ್ತದೆ ಎಂಬುದು ನನ್ನ ವಾದದ ತಿರುಳು. ಕಾಲೇಜಿನ ತರಬೇತುದಾರರು ಬರುವುದು ಮೇಲಿನ ಲೀಗಿನ ಪಂದ್ಯಗಳಿಗೆ. ಮೇಲಿನ ಲೀಗಿನಲ್ಲಿ ಉಳಿಯಲು, ಹೊಸ ಪೋಷಕರನ್ನು ಆಕರ್ಷಿಸಲು ಕ್ಲಬ್ಬು ಗೆಲ್ಲುತ್ತಿರಬೇಕು. ಹನ್ನೊಂದರ ವಯಸ್ಸಿನಲ್ಲಿ ಗೆಲ್ಲಿಸುವವರು ಯಾರು? ಹೆಚ್ಚು ಎತ್ತರ ಬೆಳೆದವರು, ಹೆಚ್ಚು ವೇಗವಾಗಿ ಓಡುವವರು. ಒಂದೇ ವಯೋಗುಂಪಿನಲ್ಲಿ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳು ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗಿಂತ ಹೆಚ್ಚು ಆಯ್ಕೆಯಾಗುವುದನ್ನು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಹತ್ತು ತಿಂಗಳು ದೊಡ್ಡವಳಾಗಿರುವುದನ್ನೇ ಪ್ರತಿಭೆ ಎಂದು ಭಾವಿಸುವ ತಪ್ಪು ಅದು. ಅಮೆರಿಕದಲ್ಲಿ ವಯೋಗುಂಪಿನ ಗೆರೆಯನ್ನು ಸುಮಾರು ಹತ್ತು ವರ್ಷಗಳ ಹಿಂದೆ ಜನವರಿ 1ಕ್ಕೆ ಸರಿಸಿದರು. ಈಗ 2026-27ರ ಋತುವಿನಿಂದ ಪ್ರಮುಖ ಯುವ ಸಂಘಟನೆಗಳು ಅದನ್ನು ಮತ್ತೆ ಆಗಸ್ಟ್ 1ಕ್ಕೆ ತರುತ್ತಿವೆ. ಶಾಲೆಯ ತರಗತಿಗೆ ಹೊಂದಿಸುವ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಗೆರೆಯನ್ನು ಎಲ್ಲಿ ಎಳೆದರೂ ಗೆರೆಯ ಆಚೆಗೊಂದು ಮಗು ಇದ್ದೇ ಇರುತ್ತದೆ. ಗೆರೆ ಸರಿಸಿದರೆ ಅನ್ಯಾಯ ತಿಂಗಳು ಬದಲಿಸುತ್ತದೆ, ಇಲ್ಲವಾಗುವುದಿಲ್ಲ.

ಹೀಗೆ ಬೇಗ ಆಯ್ದ ಮಕ್ಕಳಲ್ಲಿ ಕೆಲವರು ಹದಿನಾಲ್ಕರ ಹೊತ್ತಿಗೆ ಹಿಂದೆ ಬೀಳುತ್ತಾರೆ. ಆಗ ಕ್ಲಬ್ಬಿನ ಮುಂದೆ ಎರಡು ದಾರಿ. ಅವರನ್ನು ತಾಳ್ಮೆಯಿಂದ ಬೆಳೆಸುವುದು ಅಥವಾ ಪಕ್ಕದ ಊರಿನ ಕ್ಲಬ್ಬಿನಿಂದ ಉತ್ತಮ ಆಟಗಾರ್ತಿಯನ್ನು ಸೆಳೆದು ಜಾಗ ತುಂಬುವುದು. ಬೆಳೆಸುವುದಕ್ಕಿಂತ ಬದಲಿಸುವುದು ಸುಲಭ. ಹದಿನೈದಕ್ಕೆ ಬಂದು ಸೇರಿದವಳು ಹದಿನೇಳಕ್ಕೆ ಕಾಲೇಜಿಗೆ ಆಯ್ಕೆಯಾದರೆ ಅವಳ ಭಾವಚಿತ್ರ ಕ್ಲಬ್ಬಿನ ಜಾಲತಾಣದಲ್ಲಿ ಮೆರೆಯುತ್ತದೆ. ಏಳರಿಂದ ಹದಿನಾಲ್ಕರವರೆಗೆ ಶುಲ್ಕ ಕಟ್ಟಿ, ಒಂದು ಸಂಜೆ ಇ-ಮೇಲಿನಲ್ಲಿ ಎರಡನೆಯ ತಂಡಕ್ಕೆ ಇಳಿದು, ಮರುವರ್ಷ ಆಟವನ್ನೇ ಬಿಟ್ಟ ಹುಡುಗಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಕ್ಲಬ್ಬುಗಳು ಪ್ರಕಟಿಸುವ ಯಶಸ್ಸಿನ ಪಟ್ಟಿಗೆ ಛೇದವಿಲ್ಲ, ಅಂಶ ಮಾತ್ರ ಇದೆ.

ದೇಹಕ್ಕೂ ಇದರ ಬಿಸಿ ತಟ್ಟುತ್ತದೆ. ವರ್ಷದ ಹತ್ತು ಹನ್ನೊಂದು ತಿಂಗಳು ಒಂದೇ ಆಟ, ವಾರಾಂತ್ಯವೊಂದರಲ್ಲಿ ಮೂರು ಪಂದ್ಯ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿಬಂಧ ಹರಿಯುವ ಅಪಾಯ ಈ ಆಟದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. ಸರಿಯಾದ ಪೂರ್ವಭಾವಿ ವ್ಯಾಯಾಮದಿಂದ ಅದನ್ನು ತಗ್ಗಿಸಬಹುದೆಂಬುದೂ ತಿಳಿದ ವಿಷಯವೇ. ಆದರೆ ಶೋಕೇಸಿಗೆ ಎರಡು ವಾರವಿರುವಾಗ ನೋವನ್ನು ಹೇಳಿಕೊಳ್ಳುವ ಧೈರ್ಯ ಎಷ್ಟು ಹುಡುಗಿಯರಿಗಿದ್ದೀತು? ಅವಳ ಹಿಂದೆ ಅಪ್ಪ ಅಮ್ಮ ಹಾಕಿದ ಹಣದ ಲೆಕ್ಕ ಅವಳಿಗೂ ಗೊತ್ತಿರುತ್ತದೆ.

ವ್ಯವಸ್ಥೆ ತಿದ್ದಿಕೊಳ್ಳುವುದೇ ಇಲ್ಲ ಎಂದಲ್ಲ. ಎಂಟನೆಯ ಒಂಬತ್ತನೆಯ ತರಗತಿಯ ಮಕ್ಕಳಿಂದ ಕಾಲೇಜುಗಳು ಬಾಯಿಮಾತಿನ ಒಪ್ಪಿಗೆ ಪಡೆಯುತ್ತಿದ್ದ ಕಾಲವೊಂದಿತ್ತು. 2019ರಲ್ಲಿ ಬಂದ ನಿಯಮದಂತೆ ಹತ್ತನೆಯ ತರಗತಿಯ ನಂತರದ ಜೂನ್ 15ರವರೆಗೆ ಅಗ್ರಶ್ರೇಣಿಯ ಸಾಕರ್ ತರಬೇತುದಾರರು ವಿದ್ಯಾರ್ಥಿಯೊಡನೆ ನೇಮಕದ ಮಾತೆತ್ತುವಂತಿಲ್ಲ. ಒಳ್ಳೆಯ ಬೇಲಿ ಇದು. ಆದರೆ ಬೇಲಿ ಕಾಲೇಜಿನ ತರಬೇತುದಾರನಿಗೆ ಮಾತ್ರ. ಹತ್ತು ವರ್ಷದ ಮಗುವಿನ ಪೋಷಕರಿಗೆ ಕಾಲೇಜಿನ ಹಾದಿಯ ಬಣ್ಣದ ಚಿತ್ರ ತೋರಿಸುವ ಕ್ಲಬ್ಬಿಗೆ ಯಾವ ಬೇಲಿಯೂ ಇಲ್ಲ.

ಆಟವನ್ನು ಬದುಕಿನ ಏಣಿಯಾಗಿಸಿಕೊಳ್ಳುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಹಕ್ಕು ನಮಗಿಲ್ಲ. ನಮ್ಮ ಊರುಗಳ ಕಾಲ್ಚೆಂಡಿನ ಇತಿಹಾಸವೇ ಅಂಥ ಏಣಿಗಳದು. ಬೆಂಗಳೂರಿನ ಐಟಿಐ, ಎಚ್‌ಎಎಲ್‌ಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಮುಂಬಯಿಯಲ್ಲಿ ಮಹೀಂದ್ರ, ಏರ್ ಇಂಡಿಯಾಗಳೂ ಅದನ್ನೇ ಮಾಡಿದವು. ಸೈಯದ್ ಅಬ್ದುಲ್ ರಹೀಮರ ತರಬೇತಿಯಲ್ಲಿ ಹೈದರಾಬಾದಿನ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆ ಆಟಗಾರರಿಗೆ ಚೆಂಡು ಕೊಟ್ಟದ್ದು ಪೊಲೀಸ್ ಇಲಾಖೆಯ ಅನ್ನ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಆಟಗಾರ ಬೇಕೆಂದ ಸಂಸ್ಥೆ ಖರ್ಚು ವಹಿಸಿಕೊಂಡಿತು. ಅಮೆರಿಕದಲ್ಲಿ ಆಟಗಾರ್ತಿಯನ್ನು ಬಯಸುವುದು ಕಾಲೇಜು, ಅವಳನ್ನು ಸಿದ್ಧಪಡಿಸುವ ವೆಚ್ಚ ಕುಟುಂಬದ್ದು. ಹೀಗಾಗಿ ಏಣಿಯ ಬುಡದಲ್ಲಿಯೇ ಜರಡಿಯಿದೆ. ವಲಸೆ ಬಂದ ಲ್ಯಾಟಿನೊ ಕುಟುಂಬಗಳು ವಾರಾಂತ್ಯಗಳಲ್ಲಿ ಉದ್ಯಾನಗಳಲ್ಲಿ ಆಡುವ ಆಟದ ಸೊಗಸು ಎಂಥದೆಂದು ಅಲ್ಲಿಗೆ ಹೋಗಿ ಬಂದವರು ಬಲ್ಲರು. ಅವರ ಮಕ್ಕಳಲ್ಲಿ ಎಷ್ಟೋ ಜನ ಶುಲ್ಕದ ಜರಡಿಯನ್ನೇ ದಾಟಲಾರರು. ಕ್ಲಬ್ಬುಗಳು ಕೊಡುವ ರಿಯಾಯಿತಿ ಕೆಲವರನ್ನು ಮುಟ್ಟುತ್ತದೆ. ಪ್ರಯಾಣದ ಖರ್ಚು, ಮಧ್ಯಾಹ್ನ ಕೆಲಸ ಬಿಟ್ಟು ಕಾರು ಓಡಿಸಬಲ್ಲ ತಂದೆ ತಾಯಿಯ ಬಿಡುವು, ಇವಕ್ಕೆ ರಿಯಾಯಿತಿಯಿಲ್ಲ. ನಮ್ಮ ಮಕ್ಕಳು ಅಲ್ಲಿ ಗೆಲ್ಲುವ ಕೆಲವು ಜಾಗಗಳು ಆಟದಿಂದ ಮಾತ್ರವಲ್ಲ, ಆದಾಯದಿಂದಲೂ ಗೆದ್ದವು ಎಂಬುದನ್ನು ಒಪ್ಪಿಕೊಳ್ಳುವುದು ಕಹಿಯಾದರೂ ಪ್ರಾಮಾಣಿಕ.

ಬೇರೆ ದಾರಿ ಇಲ್ಲವೇ? ನಾರ್ವೆಯಲ್ಲಿ ಕ್ರೀಡಾ ಒಕ್ಕೂಟವೇ ಮಕ್ಕಳ ಹಕ್ಕುಗಳನ್ನು ಬರೆದಿಟ್ಟಿದೆ. ಮಗುವಿಗೆ 11 ತುಂಬುವ ವರ್ಷಕ್ಕೆ ಮೊದಲು ಫಲಿತಾಂಶದ ಪಟ್ಟಿ, ಶ್ರೇಯಾಂಕಗಳನ್ನು ಪ್ರಕಟಿಸುವಂತಿಲ್ಲ. 13 ತುಂಬುವ ವರ್ಷಕ್ಕೆ ಮೊದಲು ರಾಷ್ಟ್ರಮಟ್ಟದ ಚಾಂಪಿಯನ್‌ಶಿಪ್ ಇಲ್ಲ. ಆ ಪುಟ್ಟ ದೇಶ ಒಲಿಂಪಿಕ್ ಪದಕಗಳಿಗಾಗಲಿ, ಕಾಲ್ಚೆಂಡಿನ ತಾರೆಯರಿಗಾಗಲಿ ಬರಗೆಟ್ಟಿಲ್ಲ. ಅಮೆರಿಕದ ಒಕ್ಕೂಟ ಇಂಥ ನಿಯಮವನ್ನು ನಾಳೆಯೇ ತರಲಾರದು. ಆದರೆ ಎರಡು ಕ್ರಮಗಳು ಅಸಾಧ್ಯವಲ್ಲ. ಹದಿಮೂರರ ಒಳಗಿನ ತಂಡಗಳಿಗೆ ದೂರದ ರಾಜ್ಯಗಳ ಪ್ರಯಾಣವನ್ನು ನಿಲ್ಲಿಸುವುದು ಒಂದು. ಪ್ರತಿ ಕ್ಲಬ್ಬೂ ತನ್ನ ಪೂರ್ಣ ಲೆಕ್ಕ ಕೊಡುವಂತೆ ಮಾಡುವುದು ಇನ್ನೊಂದು: ಹನ್ನೆರಡರಲ್ಲಿ ಸೇರಿದವರು ಎಷ್ಟು, ಅವರಲ್ಲಿ ಹದಿನೇಳರಲ್ಲಿ ಇನ್ನೂ ಆಡುತ್ತಿರುವವರು ಎಷ್ಟು, ಕಾಲೇಜಿನ ತಂಡಕ್ಕೆ ಹೋದವರು ಎಷ್ಟು, ವಿದ್ಯಾರ್ಥಿವೇತನ ಪಡೆದವರು ಎಷ್ಟು.

ಒಕ್ಕೂಟ ಕೇಳದಿದ್ದರೆ ಪೋಷಕರೇ ಕೇಳಬಹುದು. ಐಐಟಿ ತರಬೇತಿ ಕೇಂದ್ರಗಳ ಜಾಹೀರಾತಿನಲ್ಲಿ ನಗುವ ಮುಖಗಳನ್ನು ಕಂಡು, ಸೇರಿದವರು ಎಷ್ಟು ಸಾವಿರ ಎಂದು ಲೆಕ್ಕ ಹಾಕುವುದನ್ನು ಕಲಿತ ತಲೆಮಾರು ನಮ್ಮದು. ಅದೇ ವಿವೇಕ ಸಾಗರದಾಚೆ ಏಕೆ ಮಂಕಾಗಬೇಕು? ಶುಲ್ಕದ ಚೆಕ್ಕು ಬರೆಯುವ ಮೊದಲು ಇನ್ನೊಂದು ಪ್ರಶ್ನೆಯನ್ನು ಮನೆಯೊಳಗೂ ಕೇಳಿಕೊಳ್ಳಬೇಕು. ಪ್ರವೇಶದಲ್ಲಿ ಆಟವನ್ನು ಇನ್ನು ಪರಿಗಣಿಸುವುದಿಲ್ಲವೆಂದು ಎಲ್ಲ ಕಾಲೇಜುಗಳೂ ನಾಳೆ ಪ್ರಕಟಿಸಿದರೆ, ನಮ್ಮ ಮಗು ನಾಡಿದ್ದು ಸಂಜೆ ಬೂಟು ಕಟ್ಟಿಕೊಂಡು ಅಂಗಳಕ್ಕೆ ಹೋದೀತೇ? ಹೋಗುತ್ತದೆ ಎಂದಾದರೆ ಕ್ಲಬ್ಬಿಗೆ ಕೊಟ್ಟ ಹಣಕ್ಕೆ ಆಗಲೇ ಬೆಲೆ ಸಿಕ್ಕಿದೆ, ಕಾಲೇಜು ಏನೇ ಹೇಳಲಿ. ಹೋಗುವುದಿಲ್ಲ ಎಂದಾದರೆ, ಇಷ್ಟು ವರ್ಷ ಅಲ್ಲಿ ಕಲಿತದ್ದು ಆಟವಲ್ಲ. ಉಳಿದ ವಾರಾಂತ್ಯಗಳನ್ನಾದರೂ ಮಗುವಿಗೆ ಹಿಂತಿರುಗಿಸುವುದು ಒಳಿತು.